ಮೈಮುನಾ ಹೇಳಿದ ಕಥೆ, ನೀಲಗಂಗವ್ವ ಕಂಡ ಕಥೆ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ನೀಲಗಂಗವ್ವನಿಗೆ ಮೋಸ ಮಾಡಿ ದಕ್ಕಿಸಿಕೊಂಡವರು ಯಾರೂ ಇಲ್ಲ ಅನ್ನುತ್ತಿದ್ದರು. ಅದು ಪೂರ್ತಿ ನಿಜವಲ್ಲ. ಒಬ್ಬ ದಕ್ಕಿಸಿಕೊಂಡಿದ್ದ, ಅವನು ಅವಳ ಗಂಡ ಕರಬಸಪ್ಪ.

ಕರಬಸಪ್ಪ ಮದುವೆಯಾದ ನಾಲ್ಕನೆಯ ವರ್ಷದಿಂದ ಸೋಮವಾರ ಬಂತೆಂದರೆ ಹಾವೇರಿಗೆ ಹೊರಡುತ್ತಿದ್ದ. ಹೊಲದ ಬದುವಿನ ತಕರಾರು ಕೋರ್ಟಿಗೆ ಹೋಗಿದೆ, ತಾರೀಖು ಕೊಟ್ಟಿದ್ದಾರೆ ಎಂದು ಹೇಳುತ್ತಿದ್ದ. ನೀಲಗಂಗವ್ವ ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು, ಶೇಂಗಾ ಚಟ್ನಿ ಇಟ್ಟು, ಗಂಟು ಕಟ್ಟಿ ಕೊಡುವಳು. ಹೀಗೆ ಎರಡು ವರ್ಷ. ಒಂದು ಸೋಮವಾರ ಅವನು ಕಾಗದಪತ್ರದ ಚೀಲವನ್ನೇ ಮರೆತು ಹೋದ. ಗಂಡನ ಕೇಸು ಕೆಟ್ಟೀತು ಎಂದು ಇವಳು ಮೂರು ವರ್ಷದ ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಮುಂದಿನ ಬಸ್ಸಿಗೆ ಹಿಂದೆಯೇ ಹೋದಳು. ಕೋರ್ಟಿನ ಆವರಣದಲ್ಲಿ ಬೇವಿನ ಗಿಡದ ಕೆಳಗೆ ಸಂಜೆಯವರೆಗೆ ಕೂತಳು. ಆ ಹೆಸರಿನ ಕೇಸು ಅಲ್ಲಿ ಇರಲಿಲ್ಲ. ಚೀಲ ಬಿಚ್ಚಿ ಒಬ್ಬ ಗುಮಾಸ್ತನಿಗೆ ತೋರಿಸಿದರೆ ಅದರ ತುಂಬ ಹಳೆಯ ಪಂಚಾಂಗ. ಊರಲ್ಲಿ ಕೇಳುತ್ತ ಹೋದರೆ ಹಾವೇರಿಯಲ್ಲಿ ಇದ್ದದ್ದು ಇನ್ನೊಬ್ಬ ಹೆಂಡತಿ ಮತ್ತು ಅವಳ ತೊಡೆಯ ಮೇಲೊಂದು ಕೂಸು. ಎರಡು ವರ್ಷ ತಾನು ಬಡಿದ ರೊಟ್ಟಿಯನ್ನು ತಿಂದವರು ಯಾರು ಎಂದು ಅವಳಿಗೆ ಅವತ್ತು ತಿಳಿಯಿತು.

ಹಾಲಿನಲ್ಲಿ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಂತೆ. ನೀಲಗಂಗವ್ವ ಬರೀ ನೀರನ್ನೂ ಊದಿದಳು. ತಾಯಿಯ ಊರಾದ ಬ್ಯಾಡಗಿಗೆ ಮಗಳೊಂದಿಗೆ ಬಂದು, ಪರಮೇಶಪ್ಪನೆಂಬ ದಲಾಲಿಯ ಅಂಗಡಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಕೂತಳು. ಕೆಲವೇ ದಿನಗಳಲ್ಲಿ ಪರಮೇಶಪ್ಪನಿಗೆ ಒಂದು ವಿಷಯ ಗೊತ್ತಾಯಿತು: ಈ ಹೆಂಗಸಿನ ಅನುಮಾನ ಪೇಟೆಗೆ ಬೇಕಾದ ವಸ್ತು. ತೂಕ ಬರಲೆಂದು ನೀರು ಚಿಮುಕಿಸಿದ ಕಾಯಿ, ಬ್ಯಾಡಗಿ ಕಾಯಿಯ ಒಳಗೆ ಬೇರೆ ಸೀಮೆಯ ಕಾಯಿ ಬೆರೆಸಿದ ಚೀಲ, ಮೇಲೆ ಹೊಸದು ಕೆಳಗೆ ಹೋದ ವರ್ಷದ್ದು, ಇವೆಲ್ಲ ಅವಳ ಬೆರಳಿಗೆ ಸಿಕ್ಕಿಬೀಳುತ್ತಿದ್ದವು. ಅವಳದು ಒಂದೇ ಪದ್ಧತಿ. ಚೀಲದ ಬಾಯಲ್ಲಿ ಒಂದು ಹಿಡಿ, ನಡುವಿನಲ್ಲಿ ಒಂದು ಹಿಡಿ, ತಳದಲ್ಲಿ ಒಂದು ಹಿಡಿ. ಮೂರೂ ಒಂದೇ ಮಾತು ಹೇಳಿದರೆ ಚೀಲ ಖರೇ. ಇಲ್ಲವಾದರೆ ಅವಳು ಏನೂ ಹೇಳದೆ ಕೈ ಝಾಡಿಸಿ ಎದ್ದುಬಿಡುವಳು. ಚೀಲದ ಧಣಿಯ ಮುಖ ಕಾಯಿಗಿಂತ ಕೆಂಪಗಾಗುವುದು.

ಹೀಗೆ ಲೋಕವನ್ನೆಲ್ಲ ಮೂಸಿ ನೋಡುವ ಹೆಂಗಸು ಒಬ್ಬಳನ್ನು ಮಾತ್ರ ಮೂಸದೆ ನಂಬಿದ್ದಳು. ಅವಳೇ ಮೈಮುನಾಬಿ. ಆ ಅಂಗಡಿಯಲ್ಲಿ ತೊಟ್ಟು ಬಿಡಿಸಲು ಇಬ್ಬಿಬ್ಬರು ಜೋಡಿಯಾಗಿ ಕೂಡುವ ರೂಢಿ. ಇಬ್ಬರಿಗೂ ಒಂದೇ ರಾಶಿ, ಒಂದೇ ಬುಟ್ಟಿ. ಯಾರು ಎಷ್ಟು ಬಿಡಿಸಿದರು ಎಂದು ಕೇಳುವಂತಿಲ್ಲ. ಆದ್ದರಿಂದ ಜೋಡಿ ಹುಡುಕುವುದು ವರ ಹುಡುಕಿದಂತೆಯೇ ಆಗಿತ್ತು, ಎಷ್ಟೋ ಜೋಡಿಗಳು ಒಂದು ಸುಗ್ಗಿ ದಾಟುವಷ್ಟರಲ್ಲಿ ಜಗಳಾಡಿ ಬೇರೆಯಾಗುತ್ತಿದ್ದವು. ನೀಲಗಂಗವ್ವ ಮತ್ತು ಮೈಮುನಾಬಿ ಹದಿನಾಲ್ಕು ವರ್ಷ ಒಂದೇ ಬುಟ್ಟಿಗೆ ಕಾಯಿ ಹಾಕಿದ್ದರು. ಒಬ್ಬಳು ಒಣಗಿದ ಕಡ್ಡಿ, ತುಟಿ ಬಿಚ್ಚಿದರೆ ಎಲ್ಲಿ ಸೋರಿ ಹೋದೀತೋ ಎಂಬಂತೆ ಇರುವವಳು. ಇನ್ನೊಬ್ಬಳು ದುಂಡಗೆ, ಘಾಟಿಗೆ ಸೀನುತ್ತ ಸೀನುತ್ತಲೇ ನಗುವವಳು, ಬಂದವರಿಗೆಲ್ಲ ತನ್ನ ಮನೆಯ ಸುದ್ದಿ ಹೇಳುವವಳು. ಅವಳ ಗಂಡ ದಾದಾಸಾಬ ಅದೇ ಪೇಟೆಯಲ್ಲಿ ಹಮಾಲ. ನೀಲಗಂಗವ್ವನ ಮಗಳು ಶೇಖವ್ವ ಅರ್ಧ ಬೆಳೆದದ್ದೇ ಮೈಮುನಾಬಿಯ ಮನೆಯಲ್ಲಿ. ಅವಳನ್ನು ಚಿಗವ್ವ ಎಂದೇ ಕರೆಯುತ್ತಿದ್ದಳು.

ತೊಂಬತ್ಮೂರರ ಮಳೆಗಾಲದಲ್ಲಿ ಪರಮೇಶಪ್ಪನ ಮನೆಗೆ ಬಣ್ಣದ ಟಿ.ವಿ. ಬಂತು. ಅವನ ಹೆಂಡತಿ ಸಿದ್ದವ್ವ ಒಳ್ಳೆಯ ಮನಸ್ಸಿನವಳು, ತಾನೊಬ್ಬಳೇ ನೋಡಿದರೆ ಟಿ.ವಿ. ತಂದದ್ದು ಯಾರಿಗೂ ತಿಳಿಯುವುದಿಲ್ಲ ಎಂಬ ಆಸೆಯೂ ಅದರೊಳಗೆ ಸೇರಿತ್ತು. ರವಿವಾರ ಮುಂಜಾನೆ ಓಣಿಯ ಹೆಂಗಸರು ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲು ಬೆನ್ನಿಗೆ ಹರವಿಕೊಂಡು, ಅವಳ ಪಡಸಾಲೆಯಲ್ಲಿ ಸಾಲಾಗಿ ಕೂಡುವರು. ಆ ಹೊತ್ತಿಗೆ ಒಂದು ಹಿಂದಿ ಧಾರಾವಾಹಿ. ಇಬ್ಬರು ಹುಡುಗಿಯರು, ಜೀವದ ಗೆಳತಿಯರು. ಒಬ್ಬಳಿಗೆ ಮೊಣಕಾಲಿನವರೆಗೆ ಜಡೆ, ಮಾತಿಲ್ಲ, ಎಲ್ಲದಕ್ಕೂ ಕಣ್ಣಲ್ಲಿ ನೀರು. ಇನ್ನೊಬ್ಬಳಿಗೆ ಕತ್ತರಿಸಿದ ಮೋಟು ಕೂದಲು, ಸ್ಕೂಟರು, ಎಲ್ಲದಕ್ಕೂ ನಗು. ಅವರ ಹೆಸರು ಓಣಿಯವರ ನಾಲಿಗೆಗೆ ಹತ್ತಲಿಲ್ಲ. ಜಡೆಯಾಕಿ, ಮೋಟುಕೂದಲಿನಾಕಿ, ಅಷ್ಟೇ.

ಹಿಂದಿ ಯಾರಿಗೆ ಬರುತ್ತಿತ್ತು? ಮನೆಯಲ್ಲಿ ಉರ್ದು ಆಡುತ್ತಿದ್ದ ಮೈಮುನಾಬಿಗೆ. ಅವಳು ಟಿ.ವಿ.ಯ ಮಗ್ಗುಲಿಗೇ ಕೂತು, ಅವರು ನಾಲ್ಕು ಮಾತು ಆಡುವಷ್ಟರಲ್ಲಿ ಇವಳು ಹತ್ತು ಮಾತಿನಲ್ಲಿ ಕನ್ನಡ ಮಾಡಿ ಹೇಳುವಳು. ಮುಂಬಯಿಯ ದೊಡ್ಡ ಮನೆಯ ಮೇಜಿನ ಮೇಲಿನ ಊಟ ಅವಳ ಬಾಯಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ ಆಗುತ್ತಿತ್ತು. ಜಡೆಯವಳು ಅತ್ತರೆ ಇವಳೇ ಮೊದಲು ಮೂಗು ಒರೆಸಿಕೊಳ್ಳುವಳು. ಹೆಂಗಸರಿಗೆ ಟಿ.ವಿ.ಗಿಂತ ಇವಳನ್ನು ನೋಡುವುದೇ ಹೆಚ್ಚು ಖುಷಿ. ಅಷ್ಟರಲ್ಲಿ ಓಣಿಯಲ್ಲಿ ಒಂದು ಮಾತೂ ಹುಟ್ಟಿತು. ನೀಲಗಂಗವ್ವ ಜಡೆಯಾಕಿ, ಮೈಮುನಾ ಮೋಟುಕೂದಲಿನಾಕಿ, ಈ ಕಥೆ ಮಾಡಿದವರು ಬ್ಯಾಡಗಿಗೆ ಬಂದು ಇವರನ್ನು ನೋಡಿಯೇ ಹೋಗಿರಬೇಕು ಎಂದು. ನೀಲಗಂಗವ್ವ ಮುಖ ಗಂಟಿಕ್ಕಿಕೊಂಡೇ ಈ ಮಾತು ಕೇಳುತ್ತಿದ್ದಳು. ಒಳಗೆ ಅವಳಿಗೆ ಬಹಳ ಸೇರುತ್ತಿತ್ತು. ಗಂಡ ಬಿಟ್ಟ ಮೇಲೆ ಅವಳನ್ನು ಯಾರೊಂದಿಗಾದರೂ ಜೋಡಿ ಮಾಡಿ ಹೇಳಿದ್ದು ಅದೊಂದೇ.

ಮುಂದಿನ ಸುಗ್ಗಿಯಲ್ಲಿ ಶೇಖವ್ವನಿಗೆ ಸಂಬಂಧ ಬಂತು. ಮೋಟೆಬೆನ್ನೂರಿನ ಡಾಕಪ್ಪನ ಮನೆತನ. ಹೊಲವಿತ್ತು, ಹೆದ್ದಾರಿಯ ಬದಿಗೆ ಹಿಟ್ಟಿನ ಗಿರಣಿ ಇತ್ತು, ಒಬ್ಬನೇ ಮಗ. ಬಂದು ನೋಡಿದರು, ಒಪ್ಪಿದರು, ಎಂಟು ದಿನದೊಳಗೆ ನಿಶ್ಚಯದ ದಿನ ಹೇಳಿ ಕಳಿಸುತ್ತೇವೆ ಎಂದು ಹೋದರು. ತಂದೆ ಬಿಟ್ಟು ಹೋದ ಹುಡುಗಿಗೆ ಇಂಥ ಮನೆ ಸಿಗುವುದು ಸುಲಭವಲ್ಲ. ಶೇಖವ್ವ ಬಾಯಿ ಬಿಟ್ಟು ಹೇಳಲಿಲ್ಲವಾದರೂ ಅವತ್ತಿನಿಂದ ಬಾವಿಗೆ ಹೋಗುವಾಗಲೂ ಒಳ್ಳೆಯ ಸೀರೆ ಉಡತೊಡಗಿದಳು.

ಬೇರೆ ತಾಯಿಯಾಗಿದ್ದರೆ ಎಂಟು ದಿನ ಸುಮ್ಮನೆ ಇರುತ್ತಿದ್ದಳು. ನೀಲಗಂಗವ್ವ ಬಿಡುತ್ತಾಳೆಯೇ? ಮಗಳನ್ನು ಕೊಡುವ ಮನೆ, ನೋಡದೆ ಕೊಡಲಾದೀತೇ? ಚೀಲ ನೋಡಿದ ಹಾಗೆಯೇ ನೋಡಿದಳು. ಒಬ್ಬನನ್ನು ಮೋಟೆಬೆನ್ನೂರಿನ ಬಸ್ ಸ್ಟ್ಯಾಂಡಿನ ಚಹಾದ ಅಂಗಡಿಗೆ ಕಳಿಸಿದಳು, ಹುಡುಗ ಕುಡಿಯುತ್ತಾನೆಯೇ ಕೇಳಿ ಬಾ ಎಂದು. ಇನ್ನೊಬ್ಬಳನ್ನು ಜೋಳದ ಪುಟ್ಟಿ ಹೊರಿಸಿ ಅವರ ಗಿರಣಿಗೇ ಕಳಿಸಿದಳು, ಹುಡುಗನಿಗೆ ಮೂರ್ಛೆರೋಗ ಇದೆಯೇ, ಬೇರೆ ಕಡೆ ಹೆಂಗಸಿದ್ದಾಳೆಯೇ ನೋಡಿ ಬಾ ಎಂದು. ಮೂರನೆಯವಳನ್ನು ಅವರ ಹಿತ್ತಲಿನ ನೆರೆಮನೆಗೆ. ಒಬ್ಬರನ್ನು ಕಳಿಸಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ, ಮೈಮುನಾಬಿಗೂ ಗೊತ್ತಿಲ್ಲ. ಮೂರೂ ಕಡೆಯಿಂದ ಒಂದೇ ಮಾತು ಬಂತು: ಹುಡುಗ ಬಂಗಾರದಂಥವನು. ನೀಲಗಂಗವ್ವನಿಗೆ ನೆಮ್ಮದಿಯಾಯಿತು. ಚೀಲಕ್ಕೆ ಕಿವಿ ಇರುವುದಿಲ್ಲ, ಊರಿಗೆ ಇರುತ್ತದೆ ಎಂಬುದು ಮಾತ್ರ ಆ ಜಾಣೆಗೆ ಹೊಳೆಯಲಿಲ್ಲ.

ಎಂಟು ದಿನ ಹೋಗಿ ಹದಿನೈದಾಯಿತು, ಇಪ್ಪತ್ತಾಯಿತು. ಮೋಟೆಬೆನ್ನೂರಿನಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಪೇಟೆಯಲ್ಲಿ ಎದುರಿಗೆ ಸಿಕ್ಕ ಡಾಕಪ್ಪ ನೋಡಿಯೂ ನೋಡದ ಹಾಗೆ ತಕ್ಕಡಿಯ ಕಡೆಗೆ ತಿರುಗಿದ. ಯಾರೋ ಚುಚ್ಚಿದ್ದಾರೆ ಎಂದು ನೀಲಗಂಗವ್ವನಿಗೆ ಖಾತ್ರಿಯಾಯಿತು. ಯಾರು? ಮನೆಯ ಒಳಗಿನದೆಲ್ಲ ಯಾರಿಗೆ ಗೊತ್ತಿದೆಯೋ ಅವರು. ಆ ಯೋಚನೆಯನ್ನು ಅವಳು ಅಷ್ಟಕ್ಕೇ ನಿಲ್ಲಿಸಿದಳು. ಮುಂದೆ ಹೋದರೆ ಒಂದೇ ಹೆಸರು ಇತ್ತು.

ಆ ರವಿವಾರದ ಕಥೆಯಲ್ಲಿ ಜಡೆಯವಳಿಗೂ ಮದುವೆ ಗೊತ್ತಾಗಿತ್ತು. ಮೋಟುಕೂದಲಿನವಳು ಹುಡುಗನ ತಂದೆಯ ಮನೆಗೆ ಸ್ಕೂಟರಿನಲ್ಲಿ ಹೋದಳು. ಒಳಗೆ ಹೋಗಿ, ಹಿಂದೆ ತಿರುಗಿ ನೋಡಿ, ಬಾಗಿಲು ಹಾಕಿದಳು. ಬಹಳ ಹೊತ್ತು ಏನೋ ಹೇಳಿದಳು. ಹುಡುಗನ ತಂದೆ ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟ, ಜಡೆಯವಳ ಫೋಟೋವನ್ನು ಕಪಾಟಿನೊಳಗೆ ಮಗುಚಿ ಹಾಕಿದ. ಪಡಸಾಲೆಯ ಹೆಂಗಸರು ಮೈಮುನಾಬಿಯ ಬಾಯಿ ನೋಡಿದರು. ಸದಾ ಹೊಳೆಯ ಹಾಗೆ ಹರಿಯುವವಳು ಅವತ್ತು ತಡೆದು ತಡೆದು, ನಮ್ಮ ಗೆಳತಿಯಂಥ ಹುಡುಗಿ ನಿಮಗೆ ಏಳು ಊರು ತಿರುಗಿದರೂ ಸಿಗುವುದಿಲ್ಲ, ಲಗೂನ ಮದುವೆ ಮಾಡಿಕೊಳ್ಳಿರಿ ಅಂತ ಹೇಳುತ್ತಿದ್ದಾಳೆ ಎಂದಳು. ಹೆಂಗಸರೆಲ್ಲ ಲೊಚಗುಟ್ಟಿ, ಗೆಳತಿ ಅಂದರೆ ಹೀಗಿರಬೇಕು ಎಂದರು.

ನೀಲಗಂಗವ್ವ ಲೊಚಗುಟ್ಟಲಿಲ್ಲ. ಒಳ್ಳೆಯ ಮಾತು ಹೇಳಲು ಬಂದವರು ಬಾಗಿಲು ಯಾಕೆ ಹಾಕುತ್ತಾರೆ? ಸೊಸೆಯನ್ನು ಹೊಗಳಿದರೆ ಮಾವನಾಗುವವನು ಫೋಟೋ ಯಾಕೆ ಮಗುಚುತ್ತಾನೆ? ಅವಳಿಗೆ ಹಿಂದಿ ಬರದಿದ್ದರೂ ಕೈ, ಕಣ್ಣು, ಬಾಗಿಲು ಇವುಗಳ ಭಾಷೆ ಬರುತ್ತಿತ್ತು. ಮೈಮುನಾ ಸುಳ್ಳು ಹೇಳಿದಳು ಎಂದು ಅವಳ ಬೆರಳ ತುದಿಗೆ ತಿಳಿಯಿತು. ಅವಳು ಹೆದರಿದಳು. ಹದಿನಾಲ್ಕು ವರ್ಷದಲ್ಲಿ ಈ ಚೀಲಕ್ಕೆ ಅವಳು ಕೈ ಹಾಕಿರಲಿಲ್ಲ, ಈಗ ಬಾಯಲ್ಲೇ ಒಂದು ಹಿಡಿ ಬೇರೆ ಥರ ಬಂದಿತ್ತು.

ಮಂಗಳವಾರ ಮೈಮುನಾಬಿ ಕೆಲಸಕ್ಕೆ ಬರಲಿಲ್ಲ. ಬುಧವಾರ ಅವಳು ನೀರು ಕುಡಿಯಲು ಎದ್ದು ಹೋದಾಗ ಅದೇ ಅಂಗಡಿಯಲ್ಲಿ ಕಸ ಹೊಡೆಯುವ ಗುಡ್ಡವ್ವ, ಕೇಳದಿದ್ದರೂ ಸುದ್ದಿ ಕೊಡುವ ಹೆಂಗಸು, ತಾನು ನಿನ್ನೆ ತವರಿಗೆ ಹೋಗುವಾಗ ಮೋಟೆಬೆನ್ನೂರಿನಲ್ಲಿ ಮೈಮುನಾ ಬಸ್ಸಿನಿಂದ ಇಳಿದು ಗಿರಣಿಯ ಕಡೆಗೆ ಹೋದದ್ದನ್ನು ಕಂಡೆ ಎಂದು ಹೇಳಿದಳು. ನೀಲಗಂಗವ್ವ ಕಾಯಿ ಬಿಡಿಸುತ್ತಲೇ ಇದ್ದಳು. ಮೈಮುನಾಬಿ ಬಂದು ಎದುರಿಗೆ ಕೂತ ಮೇಲೆ, ತಲೆ ಎತ್ತದೆ, ಅವಳನ್ನು ಕೇಳಿದಳು:

"ನಿನ್ನೆ ಎಲ್ಲಿ ಹೋಗಿದ್ದಿ?"

"ಹಾವೇರಿಗೆ ಹೋಗಿದ್ದೆ. ನಮ್ಮ ತಂಗಿಗೆ ಮೈಯಾಗ ಆರಾಮಿಲ್ಲ," ಎಂದಳು ಮೈಮುನಾಬಿ. ಹೇಳುವಾಗ ಅವಳು ಸೀನಲಿಲ್ಲ, ನಗಲಿಲ್ಲ.

ಹಾವೇರಿ! ಲೋಕದಲ್ಲಿ ಬೇರೆ ಊರೇ ಇರಲಿಲ್ಲವೇ ಆ ಪಾಪದವಳಿಗೆ? ಸುಳ್ಳು ಹೇಳುವವರೆಲ್ಲ ಹಾವೇರಿಗೇ ಯಾಕೆ ಹೋಗುತ್ತಾರೋ ಎಂದುಕೊಂಡಳು ನೀಲಗಂಗವ್ವ. ಮನೆಗೆ ಹೋಗಿ ಮಗಳಿಗೆ ಹೇಳಿದಳು. ಶೇಖವ್ವ, ಚಿಗವ್ವ ಅಂಥವಳಲ್ಲ, ಅವಳನ್ನೇ ಕುಳ್ಳಿರಿಸಿಕೊಂಡು ನೇರವಾಗಿ ಕೇಳು ಎಂದಳು. ಕೇಳಿದರೆ ಇನ್ನೊಂದು ಸುಳ್ಳು ಬರುತ್ತದೆ, ಕೇಳುವುದು ಏನಿದೆ ಎಂದು ತಾಯಿ ಗದರಿದಳು. ಅವಳಿಗೆ ಬೇಕಾದದ್ದು ಮಾತಲ್ಲ, ತಳದ ಹಿಡಿ.

ಅದಕ್ಕಾಗಿ ಅವಳು ಮುಂದಿನ ರವಿವಾರ ಪ್ಯಾಸೆಂಜರ್ ಗಾಡಿ ಹತ್ತಿ ರಾಣೆಬೆನ್ನೂರಿಗೆ ಹೋದಳು. ಅಲ್ಲಿ ಅವಳ ತಮ್ಮ ಕೊಟ್ರಪ್ಪನ ನೆರೆಮನೆಯಲ್ಲಿ ಹಾಲೇಶಪ್ಪ ಎಂಬ ಹಿಂದಿ ಮಾಸ್ತರರಿದ್ದರು. ಟಿ.ವಿ. ಇತ್ತು, ಅವರ ಹೆಂಡತಿಗೆ ಆ ಧಾರಾವಾಹಿಯ ಹುಚ್ಚೂ ಇತ್ತು. ತಮ್ಮನಿಗೆ ಆಶ್ಚರ್ಯ, ವರ್ಷಕ್ಕೊಮ್ಮೆ ಬಾ ಎಂದರೂ ಬಾರದ ಅಕ್ಕ ಟಿ.ವಿ. ನೋಡಲು ಬಂದಿದ್ದಾಳೆಂದು. ಅವಳು ಮಾಸ್ತರರ ಮನೆಯ ಚಾಪೆಯ ಮೇಲೆ ಕೂತು, ಕಥೆ ಸುರುವಾಗುವ ಮೊದಲೇ ಹೋದ ವಾರ ಆದದ್ದು ಏನು ಎಂದು ಕೇಳಿದಳು. ಮೈಮುನಾ ಹೇಳಿದ್ದನ್ನು ಮೊದಲು ತಾನೇ ಒಪ್ಪಿಸಿದಳು. ಮಾಸ್ತರರು ನಕ್ಕುಬಿಟ್ಟರು.

"ಇದನ್ನ ಯಾರು ಹೇಳ್ಯಾರವಾ ನಿನಗ? ಆ ಮೋಟುಕೂದಲಿನ ಹುಡುಗಿನ ಈಕಿ ಮದುವಿ ಮುರದಾಳ. ಇಲ್ಲದ್ದು ಸಲ್ಲದ್ದು ಹೇಳಿ ಬೀಗರ ಮನಸ್ಸು ಕೆಡಿಸ್ಯಾಳ. ಗೆಳತಿ ಸುಖ ನೋಡಾಕ ಆಗಲಿಲ್ಲ ಆಕಿಗೆ."

ತನ್ನ ಅನುಮಾನ ನಿಜವಾದಾಗ ನೀಲಗಂಗವ್ವನಿಗೆ ಯಾವಾಗಲೂ ಒಂದು ಸುಖವಾಗುತ್ತಿತ್ತು. ಹೊಟ್ಟೆ ತುಂಬ ಉಂಡ ಹಾಗೆ ಇರುತ್ತಿತ್ತು. ಅವತ್ತು ಆ ಸುಖ ಬರಲಿಲ್ಲ. ಮಾಸ್ತರರ ಹೆಂಡತಿ ಕೊಟ್ಟ ಚಹಾ ಹಾಗೆಯೇ ಆರಿತು. ಟಿ.ವಿ.ಯಲ್ಲಿ ಜಡೆಯವಳು ಏನೂ ತಿಳಿಯದೆ ಮೋಟುಕೂದಲಿನವಳ ಹೆಗಲ ಮೇಲೆ ತಲೆ ಇಟ್ಟು ಅಳುತ್ತಿದ್ದಳು. ನೀಲಗಂಗವ್ವ ಎದ್ದು ಸ್ಟೇಷನ್ನಿಗೆ ನಡೆದಳು. ಗಾಡಿಯಲ್ಲಿ ಕೂತು ಲೆಕ್ಕ ಹಾಕಿದಳು: ಕಥೆಯಲ್ಲಿ ಮದುವೆ ಮುರಿದವಳನ್ನು ಮೈಮುನಾ ಮುಚ್ಚಿಟ್ಟಳು. ಮೋಟೆಬೆನ್ನೂರಿಗೆ ಹೋದದ್ದನ್ನು ಮುಚ್ಚಿಟ್ಟಳು. ಕಳ್ಳನೇ ಕಳ್ಳನನ್ನು ಮುಚ್ಚಿಡುತ್ತಾನೆ. ಬ್ಯಾಡಗಿ ಬರುವಷ್ಟರಲ್ಲಿ ಅವಳ ಮನಸ್ಸಿನಲ್ಲಿ ಒಂದು ಕೂದಲೆಳೆಯಷ್ಟೂ ಸಂದೇಹ ಉಳಿಯಲಿಲ್ಲ. ಕಾಮಾಲೆ ಕಣ್ಣಿನವರಿಗೆ ಹಳದಿಯ ಬಗ್ಗೆ ಸಂದೇಹ ಇರುವುದಿಲ್ಲ, ಬಿಡಿ.

ಸೋಮವಾರ ಪೇಟೆಯ ದಿನ. ಅಂಗಡಿಯ ತುಂಬ ಜನ. ಮೈಮುನಾಬಿ ಎಂದಿನಂತೆ ಮೊದಲೇ ಬಂದು ಗೋಣಿತಟ್ಟು ಹಾಸಿ, ನಡುವೆ ಬುಟ್ಟಿ ಇಟ್ಟುಕೊಂಡು, ನಿನ್ನೆ ಯಾಕೆ ಟಿ.ವಿ.ಗೆ ಬರಲಿಲ್ಲ ನೀಲಕ್ಕಾ, ಮೈಯಲ್ಲಿ ಆರಾಮಿಲ್ಲವೇನು ಎಂದು ಕೇಳಿದಳು. ನೀಲಗಂಗವ್ವ ಮೂಲೆಯಲ್ಲಿದ್ದ ಇನ್ನೊಂದು ಖಾಲಿ ಬುಟ್ಟಿ ತಂದು ತನ್ನ ಮುಂದೆ ಇಟ್ಟುಕೊಂಡಳು. ರಾಶಿಯ ನಡುವೆ ಕೈಯಿಂದ ಒಂದು ಗೆರೆ ಎಳೆದು, ಕಾಯಿಯನ್ನು ಎರಡು ಭಾಗ ಮಾಡಿದಳು. ಸುತ್ತಲಿನ ಇಪ್ಪತ್ತು ಜೋಡಿ ಕೈಗಳು ನಿಂತವು. ಆ ಅಂಗಡಿಯಲ್ಲಿ ಸುಗ್ಗಿಯ ನಡುವೆ ಬುಟ್ಟಿ ಬೇರೆ ಮಾಡುವುದೆಂದರೆ ಎದುರಿನವಳನ್ನು ಕಳ್ಳಿ ಅಂದ ಹಾಗೆಯೇ.

"ಕತಿಯೊಳಗ ಗೆಳತಿ ಮದುವಿ ಮುರದಾಕಿನ್ನ ದೇವರಂತಾಕಿ ಮಾಡಿ ಹೇಳಿದಿ," ಎಂದಳು ನೀಲಗಂಗವ್ವ, ಎಲ್ಲರಿಗೂ ಕೇಳುವ ಹಾಗೆ. "ಈಗ ತಿಳೀತು ಯಾಕ ಅಂತ. ಮೋಟೆಬೆನ್ನೂರಿಗೆ ಹೋಗಿ ನನ್ನ ಮಗಳ ಬಾಳಿಗೆ ಕಲ್ಲ ಹಾಕಿ ಬಂದಾಕಿ ಇನ್ನೇನ ಹೇಳತಾಳ?"

ಮೈಮುನಾಬಿಯ ಕೈಯಲ್ಲಿ ಒಂದು ಕಾಯಿ ಇತ್ತು. ಅದರ ತೊಟ್ಟು ಮುರಿದು ಕಾಯಿಯನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಹಿಡಿದುಕೊಂಡೇ ಕೂತಳು. "ನಾನಾ?" ಎಂದಳು, ಅಷ್ಟೇ. ಆಮೇಲೆ ಎದ್ದು, ಕಾಯಿಯನ್ನು ನೀಲಗಂಗವ್ವನ ಬುಟ್ಟಿಗೆ ಹಾಕಿ, ಸೆರಗು ಝಾಡಿಸಿ ಹೊರಗೆ ಹೋದಳು. ಮಾರನೆಯ ದಿನದಿಂದ ಬೇರೊಂದು ದಲಾಲಿಯ ಅಂಗಡಿಗೆ ಕೆಲಸಕ್ಕೆ ಹೋದಳು.

ರವಿವಾರ ಸಿದ್ದವ್ವನ ಪಡಸಾಲೆಯಲ್ಲಿ ಟಿ.ವಿ. ಹಚ್ಚಿದರು, ಹುಡುಗಿಯರು ಬಂದರು, ಮಾತಾಡಿದರು, ಹೋದರು. ಏನು ನಡೆಯಿತೆಂದು ಯಾರಿಗೂ ತಿಳಿಯಲಿಲ್ಲ. ಹೆಂಗಸರು ನೀಲಗಂಗವ್ವನ ಕಡೆಗೆ ಮುಖ ಊದಿಸಿ ನೋಡಿದರು. ಸಿದ್ದವ್ವ ಬಾಯಿ ಬಿಟ್ಟೇ ಹೇಳಿದಳು, ಸುಳ್ಳಾಗಲಿ ಖರೇ ಆಗಲಿ, ಅವಳು ಹೇಳುತ್ತಿದ್ದ ಕಥೆ ಚೆಂದ ಇತ್ತು ಎಂದು. ಮನೆಯಲ್ಲಿ ಶೇಖವ್ವ ತಾಯಿಯೊಂದಿಗೆ ಮಾತು ಬಿಟ್ಟಿದ್ದಳು. ನೀಲಗಂಗವ್ವ ಯಾರಿಗೂ ಜಗ್ಗಲಿಲ್ಲ. ಮೂರು ಕಡೆ ನೋಡಿದ್ದೇನೆ, ನನ್ನ ಕೈ ಸುಳ್ಳು ಹೇಳುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಹೊಸ ಜೋಡಿಯವಳು ಒಳ್ಳೆಯವಳೇ. ಆದರೆ ಅವಳ ಬೆರಳುಗಳು ಸುಮ್ಮನೆ ಓಡುತ್ತಿದ್ದವು, ನಗುವವರು ಯಾರೂ ಇರಲಿಲ್ಲ.

ಹತ್ತು ದಿನ ಕಳೆಯಿತು. ಗುರುವಾರದ ಪೇಟೆಗೆ ಮೆಣಸಿನಕಾಯಿ ತಂದಿದ್ದ ಡಾಕಪ್ಪ ನೇರವಾಗಿ ಅವಳ ಮನೆಗೇ ಬಂದ. ಜೊತೆಗೆ ಅವನ ಹೆಂಡತಿ ಮೈಲವ್ವ. ಬುಟ್ಟಿಯಲ್ಲಿ ಎಲೆ, ಅಡಿಕೆ, ಕುಬಸದ ಖಣ. ನೀಲಗಂಗವ್ವ ಗಾಬರಿಯಲ್ಲಿ ಕಂಬಳಿ ಹಾಸಿ ಕೂಡಿಸಿದಳು, ನೀರು ಕೊಟ್ಟಳು. ಡಾಕಪ್ಪ ಮಾತು ಮುಚ್ಚಿಡುವವನಲ್ಲ. ನಮ್ಮ ಮಗ ಕುಡುಕನೋ, ರೋಗಿಷ್ಟನೋ ಎಂದು ಒಂದು ವಾರದಲ್ಲಿ ಮೂರು ಜನರನ್ನು ಕಳಿಸಿ ಊರೆಲ್ಲ ಕೇಳಿಸಿದಿರಿ, ಗಿರಣಿಗೆ ಬಂದವರೆಲ್ಲ ನನ್ನ ಮಗನ ಮುಖ ನೋಡಿ ನಕ್ಕರು, ಇಂಥ ಬೀಗತಿ ಬೇಡವೇ ಬೇಡ ಎಂದು ನಾವು ಕೈಬಿಟ್ಟಿದ್ದೆವು ಎಂದ. ನೀಲಗಂಗವ್ವ ಕೂತಲ್ಲೇ ಕುಗ್ಗಿದಳು. ಚುಚ್ಚಿದವರು ಯಾರು ಎಂದು ಒಂದು ತಿಂಗಳಿಂದ ಹುಡುಕಿದ್ದಳು, ಚುಚ್ಚಿದವಳು ಮನೆಯಲ್ಲೇ ಇದ್ದಳು.

ಹಾಗಾದರೆ ಈಗ ಹೇಗೆ ಬಂದಿರಿ ಎಂದು ಕೇಳಲು ಅವಳಿಗೆ ಧೈರ್ಯ ಸಾಲಲಿಲ್ಲ. ಮೈಲವ್ವನೇ ಹೇಳಿದಳು. ನಿಮ್ಮ ಗೆಳತಿ ಮೈಮುನಾಬಿ ಒಂದು ಮಂಗಳವಾರ ನಮ್ಮ ಮನೆಗೆ ಬಂದಿದ್ದಳು. ನಾವು ಸಿಟ್ಟಾದದ್ದು ಪೇಟೆಯಲ್ಲಿ ಅವಳ ಗಂಡನ ಕಿವಿಗೆ ಬಿದ್ದಿತ್ತಂತೆ. ನಾನು ಬಂದದ್ದನ್ನು ನೀಲಕ್ಕನಿಗೆ ಹೇಳಬೇಡಿರಿ, ತನ್ನಿಂದಲೇ ಕೆಟ್ಟಿತು ಅಂತ ತಿಳಿದರೆ ಅವಳು ನವೆದು ಹೋಗುತ್ತಾಳೆ ಎಂದು ಆಣೆ ಹಾಕಿದ್ದಳು. ಒಲ್ಲೆವೆಂದರೂ ಎರಡು ತಾಸು ಕಟ್ಟೆಯ ಮೇಲೆ ಕೂತಿದ್ದಳು. ಆಣೆ ಹಾಕಿದ್ದರೂ ಇಂಥ ಮಾತು ಹೊಟ್ಟೆಯಲ್ಲಿ ಇಟ್ಟುಕೊಂಡರೆ ಪಾಪ ಎಂದು ಹೇಳುತ್ತಿದ್ದೇನೆ.

"ಆಕಿ ಒಂದ ಮಾತು ಅಂದ್ಲು ನೋಡ್ರಿ," ಎಂದಳು ಮೈಲವ್ವ, "ಅದರ ಮ್ಯಾಲ ನಾವು ಮನಸ್ಸ ಮಾಡಿದ್ವಿ. 'ನೀಲಕ್ಕ ಅನುಮಾನ ಮಾಡೂದು ಒಂದ ಸಲ. ನಂಬಿದಳಂದ್ರ ಮತ್ತ ತಿರುಗಿ ನೋಡಾಕಿ ಅಲ್ಲ. ನಾ ಹದಿನಾಲ್ಕು ವರ್ಷ ಆಕಿ ಜೋಡಿ ಅದೇನಿ. ಒಂದ ದಿನ, ಒಮ್ಮೆರ, ನನ್ನ ಮ್ಯಾಲ ಅನುಮಾನ ಮಾಡಿಲ್ಲ.' ಹಿಂಗ ಅಂದ್ಲು."

ನೀಲಗಂಗವ್ವ ಎಲೆ ಅಡಿಕೆ ಇಸಿದುಕೊಂಡಳು. ದಿನ ಗೊತ್ತು ಮಾಡಿದರು. ಅವರು ಬಸ್ಸು ಹತ್ತಿದ ಕೂಡಲೇ ಅವಳು ಕಾಲಲ್ಲಿ ಚಪ್ಪಲಿ ಇಲ್ಲದೆಯೇ ಮೈಮುನಾಬಿಯ ಮನೆಗೆ ಹೋದಳು. ಮೈಮುನಾಬಿ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ಬಾ ಎಂದಳು, ಕೂಡಲು ಮಣೆ ಕೊಟ್ಟಳು, ಒಳಗೆ ಹೋಗಿ ಚಹಾ ಮಾಡಿ ತಂದಳು. ನೀಲಗಂಗವ್ವ ಕಾಲು ಮುಟ್ಟಲು ಬಗ್ಗಿದಳು, ಇವಳು ಕಾಲು ಹಿಂದೆ ಎಳೆದುಕೊಂಡಳು. ತಪ್ಪಾಯಿತು, ಬುದ್ಧಿಗೇಡಿ ನಾನು, ನಾಳೆಯಿಂದ ಮತ್ತೆ ಬಂದು ನನ್ನ ಜೋಡಿ ಕೂಡು, ಬೇಕಾದರೆ ಇಡೀ ಪೇಟೆಯ ಮುಂದೆ ಮೂಗು ಉಜ್ಜುತ್ತೇನೆ ಎಂದು ನೀಲಗಂಗವ್ವ ಅತ್ತಳು. ಗಂಡ ಬಿಟ್ಟಾಗಲೂ ಅವಳು ಹೀಗೆ ಅತ್ತಿರಲಿಲ್ಲ.

ಮೈಮುನಾಬಿ ಅಕ್ಕಿಯ ಮೊರವನ್ನು ಪಕ್ಕಕ್ಕೆ ಇಟ್ಟಳು.

"ಆ ರವಿವಾರ ನೀ ನನ್ನ ಮಗ್ಗಲದಾಗ ಕುಂತಿದ್ದಿ. ಶೇಖವ್ವನ ಸಂಬಂಧ ನಿಂತಿತ್ತು. ಗೆಳತಿನ ಗೆಳತಿ ಮದುವಿ ಮುರದ್ಲು ಅಂತ ನನ್ನ ಬಾಯಿಲೆ ಹೆಂಗ ಹೇಳ್ಲಿ ನೀಲಕ್ಕಾ? ನಿನ್ನ ಸ್ವಭಾವ ನನಗ ಗೊತ್ತಿಲ್ಲೇನು? ಅದಕ್ಕ ಕತಿ ತಿರುವಿದೆ. ಆ ಕತಿ ಸುಳ್ಳ, ಒಪ್ಪಿಕೊಳ್ಳತೇನಿ. ಹಾವೇರಿಗೆ ಹೋಗಿದ್ದೆ ಅಂದದ್ದೂ ಸುಳ್ಳ. ಆದರ ಮೋಟೆಬೆನ್ನೂರಾಗ ನಿನ್ನ ಬಗ್ಗೆ ಹೇಳಿದ್ದು ಖರೇ ಇತ್ತು. ಅದನ್ನ ನೀ ಸುಳ್ಳ ಮಾಡಿದಿ."

ಸಿಟ್ಟೇನಿಲ್ಲ ಎಂದಳು ಮೈಮುನಾಬಿ. ಸಿಟ್ಟಿದ್ದರೆ ಜಗಳಾಡಿ ತೀರಿಸಿಕೊಳ್ಳುತ್ತಿದ್ದೆ. ಆದರೆ ಇನ್ನು ಮೇಲೆ ನಾನು ಬುಟ್ಟಿಗೆ ಕೈ ಹಾಕಿದಾಗಲೆಲ್ಲ ನೀನು ನೋಡುತ್ತೀಯೋ ಎಂದು ನೋಡುವವಳು ನಾನು, ಆ ರೋಗ ನನಗೆ ಬೇಡ ಎಂದಳು. ನಂತರ ಮತ್ತೆ ಮೊರ ಎತ್ತಿಕೊಂಡಳು. ನೀಲಗಂಗವ್ವ ಚಹಾ ಕುಡಿದು ಮುಗಿಸಿ, ಬಟ್ಟಲನ್ನು ತಾನೇ ತೊಳೆದಿಟ್ಟು ಮನೆಗೆ ಬಂದಳು.

ಮದುವೆ ವೈಶಾಖದಲ್ಲಿ ಮೋಟೆಬೆನ್ನೂರಿನಲ್ಲಿ ಆಯಿತು. ಮೈಮುನಾಬಿ ದಾದಾಸಾಬನೊಂದಿಗೆ ಬಂದಳು, ಶೇಖವ್ವನಿಗೆ ಒಂದು ತಾಮ್ರದ ಕೊಡ ಮತ್ತು ಸೀರೆ ತಂದಿದ್ದಳು. ಶೇಖವ್ವ ಬಾಸಿಂಗ ಕಟ್ಟಿಕೊಂಡೇ ಅವಳನ್ನು ತಬ್ಬಿಕೊಂಡು ಅತ್ತಳು. ಮನೆಯವಳಂತೆ ಅಡಿಗೆಯ ಕಡೆಗೆ ಹೋಗಿ ಉಳ್ಳಾಗಡ್ಡಿ ಹೆಚ್ಚಬೇಕಾಗಿದ್ದ ಮೈಮುನಾಬಿ ಬಂದ ಬಳಗದವರ ಜೊತೆ ಚಪ್ಪರದ ಕೊನೆಗೆ ಜಮಖಾನೆಯ ಮೇಲೆ ಕೂತಳು.

ಅಕ್ಕಿಕಾಳು ಬಿದ್ದ ಮೇಲೆ ಮೈಲವ್ವ ತನ್ನ ಕಡೆಯ ಏಳೆಂಟು ಹೆಂಗಸರನ್ನು ಕರೆದುಕೊಂಡು ಬಂದಳು. ನೀಲಗಂಗವ್ವನ ಕೈ ಹಿಡಿದು ಮೈಮುನಾಬಿಯ ಮಗ್ಗುಲಲ್ಲಿ ತಂದು ಕೂಡಿಸಿದಳು. ಇವರೇ ನೋಡಿರಿ ಆ ಇಬ್ಬರು ಗೆಳತಿಯರು, ಇವರ ಸ್ನೇಹ ನೋಡಿಯೇ ನಾವು ಈ ಸಂಬಂಧ ಮಾಡಿದ್ದು, ಇಂಥ ಗೆಳತಿಯನ್ನು ಹದಿನಾಲ್ಕು ವರ್ಷ ಉಳಿಸಿಕೊಂಡವಳ ಮಗಳು ನಮ್ಮ ಮನೆಯನ್ನೂ ಉಳಿಸುತ್ತಾಳೆ ಎಂದಳು. ಬಂದವರಲ್ಲಿ ತೊಟ್ಟು ಬಿಡಿಸುವ ರೂಢಿ ಬಲ್ಲ ಒಬ್ಬ ಮುದುಕಿ, ಇನ್ನೂ ಇಬ್ಬರೂ ಒಂದೇ ಬುಟ್ಟಿಯೇ ಏನು ಎಂದು ಕೇಳಿದಳು.

ಖರೇ ಹೇಳಿದರೆ ಬೀಗರ ಮುಂದೆ ಆ ಮಾತೆಲ್ಲ ಸುಳ್ಳಾಗುತ್ತಿತ್ತು, ಮಗಳು ಹೊಸ ಮನೆಯ ಹೊಸ್ತಿಲು ತುಳಿಯುವ ದಿನವೇ. ನೀಲಗಂಗವ್ವ ಬಾಯಿ ತೆರೆಯುವಷ್ಟರಲ್ಲಿ ಮೈಮುನಾಬಿ ಅವಳ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು ತೊಡೆಯ ಮೇಲೆ ಇಟ್ಟುಕೊಂಡಳು.

"ಹೌದ್ರಿ ಯವ್ವಾ," ಎಂದು ನಕ್ಕಳು. "ನಮ್ಮದು ಒಂದ ಬುಟ್ಟಿ."

ಮುದುಕಿ ಇಬ್ಬರ ತಲೆಯ ಮೇಲೂ ಕೈ ಇಟ್ಟು ಹರಸಿದಳು. ಮೈಮುನಾಬಿಯ ಬಿಸಿ ಕೈ ತನ್ನ ಕೈಯನ್ನು ಗಟ್ಟಿಯಾಗಿ ಹಿಡಿದಿರುವಷ್ಟು ಹೊತ್ತು ನೀಲಗಂಗವ್ವ, ಈ ಹೆಂಗಸರು ಇನ್ನೂ ಸ್ವಲ್ಪ ಹೊತ್ತು ಇಲ್ಲೇ ನಿಂತು ಮಾತಾಡಲಿ ಎಂದು ಬೇಡಿಕೊಂಡಳು. ಅವರು ಮಾತಾಡಿ ಮುಗಿಸಿ, ಮದುಮಕ್ಕಳಿಗೆ ಆರತಿ ಮಾಡಲು ಅತ್ತ ಹೋದರು. ಮೈಮುನಾಬಿ ಕೈ ಬಿಟ್ಟಳು. ಸೆರಗು ಸರಿ ಮಾಡಿಕೊಂಡು, ಎದ್ದು ಊಟದ ಪಂಕ್ತಿಯ ಕಡೆಗೆ ಹೋದಳು.